ದಿಮ್ಮಿ ಮನೆ ಏಳುವಾಗ ದಾಖಲೆ ಇಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಮೊಂಟಾನಾ ರಾಜ್ಯದ ಬಿಟರ್‌ರೂಟ್ ಕಣಿವೆಯಲ್ಲಿ ನಾವು ದಿಮ್ಮಿ ಮನೆ ಕಟ್ಟಿಸಿದ್ದೇವೆ. ಕೆಲಸದ ಪ್ರತಿ ಹಂತವನ್ನೂ ಫೋಟೋ, ಅಳತೆ, ಬರಹದಲ್ಲಿ ದಾಖಲಿಸಿ ಇಟ್ಟಿದ್ದೇವೆ. ಇಲ್ಲಿ ಮನೆ ಕಟ್ಟಿಸಲು ಹೊರಟ ಕನ್ನಡದ ಗೆಳೆಯರು ಮತ್ತು ಊರಿನ ನೆಂಟರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಉತ್ತರಗಳನ್ನು ಒಂದೆಡೆ ಬರೆದಿದ್ದೇನೆ.

ದಿಮ್ಮಿ ಮನೆ ಅಂದರೆ ಏನು? ಅಮೆರಿಕದಲ್ಲಿ ಎಲ್ಲ ಮನೆಯೂ ಮರದ್ದೇ ಅಲ್ವಾ?

ಇಲ್ಲಿನ ಬಹುಪಾಲು ಮನೆಗಳ ಒಳಗೆ ಮರ ಇರುವುದು ನಿಜ. ಆದರೆ ಅವು ಸೀಳಿದ ಪಟ್ಟಿಗಳ ಚೌಕಟ್ಟುಗಳು. ನಡುವೆ ಚಳಿ ಸೆಕೆ ತಡೆಯುವ ಇನ್ಸುಲೇಷನ್ ತುಂಬಿ ಎರಡೂ ಕಡೆ ಮುಚ್ಚುತ್ತಾರೆ. ದಿಮ್ಮಿ ಮನೆಯಲ್ಲಿ ಇಡೀ ಕಾಂಡವನ್ನೇ ಅಡ್ಡ ಮಲಗಿಸಿ, ವರಸೆಯ ಮೇಲೆ ವರಸೆ ಕೂರಿಸುತ್ತಾರೆ. ಮೂಲೆಗಳಲ್ಲಿ ಕಚ್ಚು ಕೊರೆದು ಒಂದನ್ನೊಂದು ಹಿಡಿಸುತ್ತಾರೆ. ಗೋಡೆಯೂ ಅದೇ, ಸೂರಿನ ಭಾರ ಹೊರುವುದೂ ಅದೇ, ಒಳಗೂ ಹೊರಗೂ ಕಣ್ಣಿಗೆ ಕಾಣುವುದೂ ಅದೇ.

ಈ ವಿದ್ಯೆ ಇಲ್ಲಿಗೆ ಬಂದದ್ದು ಉತ್ತರ ಯುರೋಪಿನಿಂದ. ಡೆಲವೇರ್ ನದಿಯ ದಡದಲ್ಲಿ 1638ರಲ್ಲಿ ಶುರುವಾದ ನ್ಯೂ ಸ್ವೀಡನ್ ವಸಾಹತಿಗೆ ಬಂದ ಸ್ವೀಡನ್ ಮತ್ತು ಫಿನ್ಲೆಂಡಿನ ಜನ ತಮ್ಮೂರಿನ ಹಾಗೆಯೇ ದಿಮ್ಮಿ ಪೇರಿಸಿ ಮನೆ ಕಟ್ಟಿಕೊಂಡರು. ಈಗ ಎರಡು ಬಗೆ ನಡೆಯುತ್ತಿದೆ. ಒಂದು, ಮಿಲ್ಲಿನಲ್ಲಿ ಎಲ್ಲ ದಿಮ್ಮಿಯನ್ನೂ ಒಂದೇ ಅಳತೆಗೆ ಇಳಿಸಿದ್ದು. ಇನ್ನೊಂದು, ಮರದ ಸಹಜ ಉಬ್ಬುತಗ್ಗು ಉಳಿಸಿಕೊಂಡು ಕೈಯಲ್ಲಿ ಕೆತ್ತಿದ್ದು. ನಮ್ಮದು ಎರಡನೆಯದು. ಇಲ್ಲಿ ಬರೆದಿರುವುದೂ ಜಾಸ್ತಿ ಅದರ ಬಗ್ಗೆಯೇ.

ಫೋಟೋ ಎಲ್ಲರೂ ತೆಗೆಯುತ್ತಾರೆ. ಅದಕ್ಕೆ ಇಷ್ಟೊಂದು ಯೋಚನೆ ಬೇಕಾ?

ಬೇಕು. ಎರಡು ಕಾರಣ ಇದೆ.

ಮೊದಲನೆಯದು, ದಿಮ್ಮಿ ಗೋಡೆಯ ಒಳಗೆ ಒಮ್ಮೆ ಸೇರಿದ್ದು ಮತ್ತೆ ಕಣ್ಣಿಗೆ ಬೀಳುವುದಿಲ್ಲ. ಸಾಮಾನ್ಯ ಮನೆಯಲ್ಲಿ ಒಂದು ಹಲಗೆ ಕೊಯ್ದು ಒಳಗೆ ನೋಡಿ ಮತ್ತೆ ಮುಚ್ಚಬಹುದು. ಇಲ್ಲಿ ಗೋಡೆಯೇ ಹದಿನಾಲ್ಕು ಇಂಚಿನ ಘನ ಮರ. ಎರಡು ದಿಮ್ಮಿಗಳ ನಡುವೆ ಏನಿದೆ ಅಂತ ನೋಡಬೇಕಾದರೆ ಮೇಲಿನ ಎಲ್ಲ ವರಸೆಯನ್ನೂ ಕ್ರೇನಿನಲ್ಲಿ ಎತ್ತಬೇಕು.

ಎರಡನೆಯದು, ಈ ಮನೆ ಅಲುಗುತ್ತದೆ. ಹಸಿ ದಿಮ್ಮಿ ಒಣಗುತ್ತಾ ಸಣ್ಣದಾಗುತ್ತದೆ, ಗೋಡೆ ವರ್ಷಗಟ್ಟಲೆ ಕೆಳಗಿಳಿಯುತ್ತದೆ. ಬಿಲ್ಡರ್ ಬೀಗದ ಕೈ ಕೊಟ್ಟು ಹೋದ ಮೇಲೂ ಮನೆಯ ಕೆಲಸ ಮುಗಿದಿರುವುದಿಲ್ಲ. ಆ ಕೆಲಸ ಮುಂದುವರಿಸುವವರು ನೀವು, ನಿಮ್ಮ ನಂತರ ಆ ಮನೆಗೆ ಬರುವವರು. ಅವರಿಗೆ ಬೇಕಾಗುವುದು ಚೆಂದದ ಆಲ್ಬಮ್ ಅಲ್ಲ. ಯಾವ ಬೋಲ್ಟ್ ಎಲ್ಲಿದೆ, ಯಾವ ಜಾಗ ಎಷ್ಟು ಇಳಿಯಬೇಕು, ಇಷ್ಟು ದಿನದಲ್ಲಿ ಎಷ್ಟು ಇಳಿದಿದೆ ಎಂಬ ಲೆಕ್ಕ. ನೆನಪಿನ ಫೋಟೋಗಳನ್ನೂ ಧಾರಾಳವಾಗಿ ತೆಗೆಯಿರಿ, ಅದರಲ್ಲಿ ತಪ್ಪಿಲ್ಲ. ಆದರೆ ಈ ಲೆಕ್ಕದ ಫೋಟೋಗಳು ಮೊದಲು.

ಯಾವಾಗ ಶುರು ಮಾಡಬೇಕು? ಪಾಯ ತೋಡಿದಾಗಲೇ?

ಅದಕ್ಕೂ ಮುಂಚೆ. ಕೈಯಲ್ಲಿ ಕೆತ್ತಿದ ದಿಮ್ಮಿ ಮನೆ ಎರಡು ಜಾಗದಲ್ಲಿ ಏಳುತ್ತದೆ. ಮೊದಲು ಬಿಲ್ಡರ್ ತನ್ನ ಅಂಗಳದಲ್ಲೇ ಗೋಡೆಗಳನ್ನು ಪೂರ್ತಿ ಕೆತ್ತಿ ನಿಲ್ಲಿಸುತ್ತಾನೆ. ಆಮೇಲೆ ಎಲ್ಲವನ್ನೂ ಬಿಚ್ಚಿ, ಲಾರಿಯಲ್ಲಿ ಸಾಗಿಸಿ, ನಿಮ್ಮ ಜಾಗದಲ್ಲಿ ಕ್ರೇನ್ ಇಟ್ಟು ಮತ್ತೆ ಜೋಡಿಸುತ್ತಾರೆ. ಅಂಗಳದಲ್ಲಿ ತಿಂಗಳುಗಟ್ಟಲೆ ನಡೆಯುವ ಕೆತ್ತನೆ ನಿಮ್ಮ ಜಾಗದಲ್ಲಿ ಕೆಲವೇ ದಿನಗಳ ಜೋಡಣೆಯಾಗಿ ಕಾಣುತ್ತದೆ. ಜೋಡಣೆಯನ್ನು ಮಾತ್ರ ನೋಡಿದವರಿಗೆ ಮನೆಯ ಅರ್ಧ ಕತೆಯೇ ಗೊತ್ತಿರುವುದಿಲ್ಲ.

ಹಾಗಾಗಿ ತೊಗಟೆ ಇರುವ ಮರ ಅಂಗಳಕ್ಕೆ ಬಂದ ದಿನದಿಂದ ಶುರು ಮಾಡಿ. ಯಾವ ಜಾತಿಯ ಮರ? ಡಗ್ಲಸ್ ಫರ್, ಲಾಜ್‌ಪೋಲ್ ಪೈನ್, ಎಂಗಲ್‌ಮನ್ ಸ್ಪ್ರೂಸ್, ವೆಸ್ಟರ್ನ್ ರೆಡ್ ಸೀಡರ್ ಇವೆಲ್ಲ ಈ ಕಡೆ ಸಾಮಾನ್ಯ. ಹಸಿಯಾಗಿ ಕಡಿದದ್ದಾ, ನಿಂತಲ್ಲೇ ಸತ್ತು ಒಣಗಿದ ಮರವಾ? ಇದನ್ನು ಈಗಲೇ ಬರೆದಿಡಿ. ಮುಂದೆ ಗೋಡೆ ಎಷ್ಟು ಇಳಿಯುತ್ತದೆ ಎಂಬುದು ಇದರ ಮೇಲೆ ನಿಂತಿದೆ. ದಿಮ್ಮಿಗಳಿಗೆ ದರ್ಜೆ ಕೊಟ್ಟ ಪ್ರಮಾಣಪತ್ರ ಇದ್ದರೆ ಅದರ ಪ್ರತಿಯನ್ನೂ ಕೇಳಿ ಪಡೆಯಿರಿ. ಕಟ್ಟಡದ ಪರವಾನಗಿ ಕಚೇರಿಯವರು ಅದನ್ನು ಕೇಳಬಹುದು.

ನಿಮ್ಮ ಖಾಲಿ ಜಾಗದ ಫೋಟೋಗಳನ್ನೂ ಮರೆಯಬೇಡಿ. ನಾಲ್ಕೂ ದಿಕ್ಕಿನಿಂದ ತೆಗೆಯಿರಿ. ಮಳೆ ಬಂದಾಗ ನೀರು ಎತ್ತ ಹರಿಯುತ್ತದೆ, ಹಿಮ ಎಲ್ಲಿ ತಡವಾಗಿ ಕರಗುತ್ತದೆ ಎಂಬುದು ನೆಲ ಅಗೆದ ಮೇಲೆ ತಿಳಿಯುವುದಿಲ್ಲ.

ದಿಮ್ಮಿಗಳ ಮೇಲೆ ಅಂಟಿಸಿರುವ ಚೀಟಿಗಳು ಏನು?

ಇಡೀ ದಾಖಲೆಯ ಬೆನ್ನೆಲುಬು ಅವೇ. ಪ್ರತಿ ಗೋಡೆಗೆ ಒಂದು ಅಕ್ಷರ, ಪ್ರತಿ ವರಸೆಗೆ ಒಂದು ಸಂಖ್ಯೆ. ಉತ್ತರದ ಗೋಡೆಯ ಕೆಳಗಿನಿಂದ ಐದನೆಯ ದಿಮ್ಮಿ ಯಾವುದು ಅಂತ ಚೀಟಿ ನೋಡಿದರೆ ಸಾಕು. ಬಿಚ್ಚುವ ಮೊದಲು, ಮನೆ ಇನ್ನೂ ಅಂಗಳದಲ್ಲಿ ನಿಂತಿರುವಾಗಲೇ, ಪ್ರತಿ ಗೋಡೆಯನ್ನೂ ನೇರ ಎದುರಿನಿಂದ, ಚೀಟಿ ಓದಲು ಬರುವ ಹಾಗೆ ಫೋಟೋ ತೆಗೆಯಿರಿ. ಒಳಗಿನಿಂದಲೂ ತೆಗೆಯಿರಿ. ನಿಮ್ಮ ಜಾಗಕ್ಕೆ ಬಂದ ಮೇಲೆ ಚೀಟಿ ಕಿತ್ತುಹಾಕಿ ಉಜ್ಜಿ ಬಣ್ಣ ಹಚ್ಚುತ್ತಾರೆ. ಆಮೇಲೆ ಆ ಹೆಸರುಗಳು ಉಳಿಯುವುದು ನಿಮ್ಮ ಫೋಟೋದಲ್ಲಿ ಮಾತ್ರ. ನಂತರದ ಎಲ್ಲ ಟಿಪ್ಪಣಿಯಲ್ಲೂ ಇದೇ ಹೆಸರು ಬಳಸಿ. 'ಅಡುಗೆಮನೆ ಕಿಟಕಿ ಪಕ್ಕದ ದಪ್ಪ ದಿಮ್ಮಿ' ಅಂತ ಬರೆದರೆ ಹತ್ತು ವರ್ಷದ ನಂತರ ಯಾರಿಗೂ ಗೊತ್ತಾಗುವುದಿಲ್ಲ.

ಈ ಪದ್ಧತಿ ಹಳೆಯದು. ಸ್ಟಾಕ್‌ಹೋಮಿನ ಸ್ಕಾನ್ಸೆನ್ ಬಯಲು ಮ್ಯೂಸಿಯಂ 1891ರಲ್ಲಿ ಶುರುವಾದದ್ದೇ ಸ್ವೀಡನ್ನಿನ ಬೇರೆ ಬೇರೆ ಕಡೆಯ ಹಳೆ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸುವ ಕೆಲಸದಿಂದ. ರಷ್ಯಾದ ಒನೇಗಾ ಸರೋವರದ ಕೀಝಿ ದ್ವೀಪದಲ್ಲಿ 22 ಗುಮ್ಮಟಗಳ ಮರದ ಚರ್ಚ್ ಇದೆ, 1714ರದ್ದು. ಅದರ ದುರಸ್ತಿಯಲ್ಲಿ ಮೇಲಿನ ಭಾಗವನ್ನು ಉಕ್ಕಿನ ಚೌಕಟ್ಟಿನ ಮೇಲೆ ಎತ್ತಿ ಹಿಡಿದು, ಕೆಳಗಿನ ವರಸೆಗಳನ್ನು ಬಿಡಿಸಿ, ಕೆಟ್ಟಿದ್ದನ್ನು ಮಾತ್ರ ಬದಲಿಸಿ ಮತ್ತೆ ಕೂರಿಸಿದರು. 2020ರಲ್ಲಿ ಆ ಕೆಲಸ ಮುಗಿಯಿತು. ನಮ್ಮ ಮಣಿಪಾಲದಲ್ಲೂ ಇಂಥ ಕೆಲಸ ನಡೆದಿದೆ. ವಿಜಯನಾಥ ಶೆಣೈ ಅವರು ಕಟ್ಟಿದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್‌ನಲ್ಲಿ ನಿಂತಿರುವ ಹಳೆ ಮನೆಗಳು ಬೇರೆ ಊರುಗಳಿಂದ ಬಿಚ್ಚಿ ತಂದವು. ಬಿಡಿಭಾಗ ಯಾವುದು ಎಲ್ಲಿಯದು ಎಂಬ ಲೆಕ್ಕ ತಪ್ಪಿದರೆ ಇಂಥ ಕೆಲಸ ಒಂದು ಹೆಜ್ಜೆಯೂ ಮುಂದೆ ಹೋಗದು.

ಪಾಯದ ಹಂತದಲ್ಲಿ ಏನು ತೆಗೆಯಬೇಕು?

ಇದು ಎಲ್ಲ ಮನೆಗೂ ಒಂದೇ. ಕಾಂಕ್ರೀಟ್ ಸುರಿಯುವ ಮೊದಲು ಕಂಬಿ, ಪಾಯದ ಸುತ್ತಲಿನ ನೀರು ಬಸಿಯುವ ಪೈಪು, ಕೊಳವೆಬಾವಿ ಮತ್ತು ಸೆಪ್ಟಿಕ್ ಟ್ಯಾಂಕಿನ ಪೈಪುಗಳ ದಾರಿ. ಮಣ್ಣು ಮುಚ್ಚುವ ಮೊದಲು ಪ್ರತಿ ಪೈಪಿಗೂ ಮನೆಯ ಒಂದು ಮೂಲೆಯಿಂದ ಟೇಪು ಹಿಡಿದು ಫೋಟೋ ತೆಗೆಯಿರಿ. ಚಳಿಗಾಲದಲ್ಲಿ ಇಲ್ಲಿ ನೆಲ ಆಳದವರೆಗೆ ಹೆಪ್ಪುಗಟ್ಟುತ್ತದೆ. ಆದ್ದರಿಂದ ನೀರಿನ ಪೈಪು ಎಷ್ಟು ಆಳದಲ್ಲಿದೆ ಎಂಬ ಅಳತೆಯೂ ಫೋಟೋದಲ್ಲಿ ಬರಲಿ. ದಿಮ್ಮಿ ಮನೆಗೆಂದೇ ನೋಡಬೇಕಾದ್ದು ಎರಡು: ಮೊದಲ ದಿಮ್ಮಿಯನ್ನು ಪಾಯಕ್ಕೆ ಹಿಡಿಸುವ ಆಂಕರ್ ಬೋಲ್ಟುಗಳು, ಮತ್ತು ದಿಮ್ಮಿಗೂ ಕಾಂಕ್ರೀಟಿಗೂ ನಡುವೆ ಹಾಕಿದ ತೇವ ತಡೆಯುವ ಪದರ.

ಗೋಡೆ ಏಳುವಾಗ ತಪ್ಪಿಸಲೇಬಾರದ ಫೋಟೋ ಯಾವುದು?

ಮೇಲಿನ ದಿಮ್ಮಿ ಕೂರುವ ಮುಂಚಿನ ಫೋಟೋ. ಕ್ರೇನ್ ಮುಂದಿನ ದಿಮ್ಮಿಯನ್ನು ಎತ್ತುತ್ತಿರುವ ಆ ಸ್ವಲ್ಪ ಹೊತ್ತಿನಲ್ಲಿ ಈಗಿರುವ ವರಸೆಯ ಮೇಲ್ಮೈ ತೆರೆದಿರುತ್ತದೆ. ಅಲ್ಲಿ ಕಾಣುವುದೆಲ್ಲವೂ ಮುಖ್ಯ.

ಎಲ್ಲಕ್ಕಿಂತ ಮೊದಲು ವಿದ್ಯುತ್ ತಂತಿಯ ತೂತುಗಳು. ದಿಮ್ಮಿ ಗೋಡೆಯಲ್ಲಿ ತಂತಿ ಓಡಿಸಲು ಟೊಳ್ಳು ಜಾಗ ಇಲ್ಲ. ಸ್ವಿಚ್ಚು, ಸಾಕೆಟ್ಟು ಬರುವ ಕಡೆ ಕೆಳಗಿನ ದಿಮ್ಮಿಯಿಂದ ಮೇಲಿನವರೆಗೂ ನೇರವಾಗಿ ಒಂದರ ಮೇಲೊಂದು ತೂತು ಕೊರೆದಿರುತ್ತಾರೆ. ಮೂಲೆಯಿಂದ ಪ್ರತಿ ತೂತಿಗೆ ಎಷ್ಟು ದೂರ ಎಂಬುದು ಟೇಪು ಹಿಡಿದ ಫೋಟೋದಲ್ಲಿ ಓದಲು ಬರಬೇಕು. ನಾಳೆ ಗೋಡೆಗೆ ಒಂದು ಕಪಾಟು ತೂಗುಹಾಕಲು ಉದ್ದನೆಯ ಸ್ಕ್ರೂ ಬಿಗಿಯುವಾಗ ನಿಮ್ಮ ಜೀವ ಕಾಯುವುದು ಈ ಫೋಟೋ.

ಆಮೇಲೆ ಕಚ್ಚುಗಳ ಒಳಮೈ. ದಿಮ್ಮಿಯ ಕೆಳಗೆ ಉದ್ದಕ್ಕೂ ಕೊರೆದ ತೋಡು ಕೆಳಗಿನ ದಿಮ್ಮಿಯ ಆಕಾರಕ್ಕೆ ಸರಿಯಾಗಿ ಕೂರಬೇಕು. ಅದರ ಅಂಚಿಗೆ ಗಾಳಿ ತಡೆಯುವ ಪಟ್ಟಿ ಅಂಟಿಸುತ್ತಾರೆ, ಒಳಗೆ ಉಣ್ಣೆ ಅಥವಾ ಬೇರೆ ಇನ್ಸುಲೇಷನ್ ತುಂಬುತ್ತಾರೆ. ಮುಂದೆ ಚಳಿಗಾಲದಲ್ಲಿ ಒಂದು ಮೂಲೆಯಿಂದ ತಣ್ಣನೆ ಗಾಳಿ ಬಂದರೆ ಅಲ್ಲಿ ಪಟ್ಟಿ ಇತ್ತಾ ಇಲ್ವಾ ಅಂತ ಬಿಲ್ಡರ್ ಜೊತೆ ವಾದ ಮಾಡುವ ಬದಲು ಫೋಟೋ ತೋರಿಸಬಹುದು.

ಇನ್ನೊಂದು, ಗೋಡೆಯೊಳಗೆ ಮೇಲಿಂದ ಕೆಳಗೆ ಹಾಯುವ ಉಕ್ಕಿನ ಕಡ್ಡಿಗಳು. ಎಲ್ಲ ಬಿಲ್ಡರುಗಳೂ ಇದನ್ನು ಬಳಸುವುದಿಲ್ಲ. ಬಳಸಿದ್ದರೆ, ಗೋಡೆ ಇಳಿದ ಹಾಗೆಲ್ಲ ಅದರ ನಟ್ಟು ಸಡಿಲವಾಗುತ್ತದೆ, ಮತ್ತೆ ಬಿಗಿಯಬೇಕು. ನಟ್ಟು ಎಲ್ಲಿದೆ, ಅದನ್ನು ತಲುಪುವ ಕಿಂಡಿ ಎಲ್ಲಿದೆ ಎಂಬುದನ್ನು ಸೂರು ಮುಚ್ಚುವ ಮೊದಲೇ ದಾಖಲಿಸಿ.

ಗೋಡೆ ಇಳಿಯಲೆಂದು ಕಿಟಕಿ ಬಾಗಿಲಿನ ಮೇಲೆ ಬಿಟ್ಟ ಖಾಲಿ ಜಾಗದ ಫೋಟೋವನ್ನು ಮರದ ಪಟ್ಟಿ ಹೊಡೆದು ಮುಚ್ಚುವ ಮೊದಲು ತೆಗೆಯಿರಿ. ಆ ಪಟ್ಟಿಯನ್ನು ಎರಡೂ ಕಡೆ ಮೊಳೆ ಹೊಡೆದು ಬಂಧಿಸಬಾರದು. ಒಂದು ಕಡೆ ಮಾತ್ರ ಹಿಡಿಸಿ, ಇನ್ನೊಂದು ಕಡೆ ಜಾರಲು ಬಿಡಬೇಕು. ಹೇಗೆ ಹಿಡಿಸಿದ್ದಾರೆ ಎಂಬುದು ಹೊರಗಿನಿಂದ ಕಾಣುವುದಿಲ್ಲ.

ಗೋಡೆ ಇಳಿಯುತ್ತದೆ ಅಂದಿರಲ್ಲ, ಎಷ್ಟು ಇಳಿಯುತ್ತದೆ? ಭಯ ಬೇಡವಾ?

ಭಯ ಬೇಡ, ಲೆಕ್ಕ ಬೇಕು. ಹಸಿ ಅಡಿಕೆ ಒಣಗಿದಾಗ ಕುಗ್ಗುವ ಹಾಗೆ ಹಸಿ ದಿಮ್ಮಿಯೂ ಕುಗ್ಗುತ್ತದೆ. ಆದರೆ ಎಲ್ಲ ದಿಕ್ಕಿಗೂ ಸಮನಾಗಿ ಅಲ್ಲ. ದಪ್ಪದಲ್ಲಿ ಕುಗ್ಗುತ್ತದೆ, ಉದ್ದದಲ್ಲಿ ಬಹುತೇಕ ಇಲ್ಲವೇ ಇಲ್ಲ. ದಿಮ್ಮಿ ಅಡ್ಡ ಮಲಗಿರುವುದರಿಂದ ದಪ್ಪ ಕಮ್ಮಿಯಾದಷ್ಟೂ ಗೋಡೆಯ ಎತ್ತರ ಕಮ್ಮಿಯಾಗುತ್ತದೆ. ಹಸಿ ಮರದ ಕೈಕೆತ್ತನೆಯ ಗೋಡೆಗೆ ಇಲ್ಲಿನ ಬಿಲ್ಡರುಗಳು ಇಟ್ಟುಕೊಳ್ಳುವ ಲೆಕ್ಕ ಪ್ರತಿ ಅಡಿ ಎತ್ತರಕ್ಕೆ ಮುಕ್ಕಾಲು ಇಂಚು, ಅಂದರೆ ಸುಮಾರು 6 ಶೇಕಡಾ. 8 ಅಡಿ ಗೋಡೆ 6 ಇಂಚು ಇಳಿಯಬಹುದು. 4 ಅಡಿ ಕಿಟಕಿಯ ಮೇಲೆ 3 ಇಂಚು ಖಾಲಿ ಬಿಡುವುದು ಇದಕ್ಕೇ. ಒಣಗಿದ ಮರವಾದರೆ ಇಳಿತ ಕಮ್ಮಿ.

ಈಗ ತೊಂದರೆ ಎಲ್ಲಿ ಬರುತ್ತದೆ ನೋಡಿ. ಮನೆಯೊಳಗೆ ನೇರ ನಿಂತ ಕಂಬಗಳಿವೆ. ಕಂಬ ಉದ್ದದಲ್ಲಿ ಕುಗ್ಗುವುದಿಲ್ಲ. ಸುತ್ತಲಿನ ಗೋಡೆ ಇಳಿಯುತ್ತದೆ, ಕಂಬ ಮಾತ್ರ ಹಾಗೇ ನಿಂತು ಮಾಡನ್ನು ಮೇಲಕ್ಕೆ ಒತ್ತುತ್ತದೆ. ಅದಕ್ಕೇ ಕಂಬದ ಬುಡದಲ್ಲೋ ತಲೆಯಲ್ಲೋ ಸ್ಕ್ರೂ ಜಾಕ್ ಇಟ್ಟಿರುತ್ತಾರೆ. ಗೋಡೆ ಇಳಿದಷ್ಟು ಅದನ್ನು ತಿರುಗಿಸಿ ಕಂಬವನ್ನೂ ಇಳಿಸಬೇಕು. ಮೆಟ್ಟಿಲು, ಮಹಡಿಯಿಂದ ಬರುವ ಪೈಪು, ಇಟ್ಟಿಗೆಯ ಚಿಮಣಿ, ಪಟ್ಟಿಗಳಿಂದ ಕಟ್ಟಿದ ಒಳಗೋಡೆ ಇವೆಲ್ಲದಕ್ಕೂ ಇದೇ ಪ್ರಶ್ನೆ. ಪ್ರತಿಯೊಂದಕ್ಕೂ ಜಾರುವ ವ್ಯವಸ್ಥೆ ಇರಬೇಕು. ಪ್ರತಿಯೊಂದರ ಫೋಟೋವೂ ಇರಬೇಕು.

ಅಳೆಯುವುದು ಸುಲಭ. ಉದ್ದನೆಯ ನೇರ ಮರದ ಪಟ್ಟಿಯೊಂದನ್ನು ಗೋಡೆಗೆ ನಿಲ್ಲಿಸಿ. ಅದರ ಕೆಳತುದಿಯನ್ನು ಮಾತ್ರ ಎಲ್ಲಕ್ಕಿಂತ ಕೆಳಗಿನ ದಿಮ್ಮಿಗೆ ಸ್ಕ್ರೂ ಮಾಡಿ. ಮೇಲಿನದು ಸ್ವತಂತ್ರವಾಗಿರಲಿ. ಮೇಲಿನ ದಿಮ್ಮಿಯ ಮೇಲೆ ಒಂದು ಗೆರೆ ಎಳೆದು, ಅದೇ ಎತ್ತರಕ್ಕೆ ಪಟ್ಟಿಯ ಮೇಲೆ ಪೆನ್ಸಿಲ್ಲಿನಲ್ಲಿ ಗೆರೆ ಹಾಕಿ ತಾರೀಕು ಬರೆಯಿರಿ. ಪಟ್ಟಿ ಉದ್ದದಲ್ಲಿ ಕುಗ್ಗದ್ದರಿಂದ ಗೋಡೆಯ ಇಳಿತ ಪಟ್ಟಿಯ ಮೇಲೆ ಸ್ಪಷ್ಟವಾಗಿ ಕಾಣುತ್ತದೆ. ಮೊದಲ ವರ್ಷ ತಿಂಗಳಿಗೊಮ್ಮೆ, ಆಮೇಲೆ ಋತುವಿಗೊಮ್ಮೆ ನೋಡಿದರೆ ಸಾಕು. ಒಂದೇ ಪಟ್ಟಿ ಸಾಲದು, ಪ್ರತಿ ಗೋಡೆಗೂ ಒಂದು ಇಡಿ. ಬಿಸಿಲು ಬೀಳುವ ದಕ್ಷಿಣದ ಗೋಡೆ ಮತ್ತು ನೆರಳಿನ ಉತ್ತರದ ಗೋಡೆ ಒಂದೇ ವೇಗದಲ್ಲಿ ಒಣಗುವುದಿಲ್ಲ. ಮಕ್ಕಳ ಎತ್ತರ ಗುರುತು ಹಾಕುವ ಗೋಡೆ ನಮ್ಮಲ್ಲಿ ಇದರ ಪಕ್ಕದಲ್ಲೇ ಇದೆ. ಅವರು ಏರುತ್ತಿದ್ದಾರೆ, ಮನೆ ಇಳಿಯುತ್ತಿದೆ. ನನಗೆ ಇಡೀ ಮನೆಯಲ್ಲಿ ಅತಿ ಪ್ರೀತಿಯ ಜಾಗ ಅದು.

ತೇವಾಂಶವನ್ನೂ ಅಳೆಯಬೇಕಾ?

ಅಳೆದರೆ ಒಳ್ಳೆಯದು. ಎರಡು ಸೂಜಿ ಚುಚ್ಚಿ ಓದುವ ಮೀಟರ್ ಸಾಕು. ಮರದ ಜೀವಕೋಶಗಳ ಗೋಡೆ ಸುಮಾರು 30 ಶೇಕಡಾ ತೇವದವರೆಗೆ ನೀರು ಹಿಡಿದಿಟ್ಟುಕೊಳ್ಳುತ್ತದೆ. ಅದಕ್ಕಿಂತ ಕೆಳಗೆ ಒಣಗಲು ಶುರುವಾದಾಗಲೇ ಕುಗ್ಗುವಿಕೆ ಶುರು. ಹೊರಗೋಡೆಗೆ ಬಣ್ಣ ಹಚ್ಚಲು ತೇವ 19–20 ಶೇಕಡಾಕ್ಕಿಂತ ಕಮ್ಮಿ ಇರಬೇಕು ಎನ್ನುತ್ತಾರೆ. ಒದ್ದೆ ಮರಕ್ಕೆ ಅವಸರದಲ್ಲಿ ಬಳಿದರೆ ಬಣ್ಣ ಎದ್ದು ಬರುತ್ತದೆ.

ಗಮನಿಸಬೇಕಾದ್ದು, ಗಿಡ್ಡ ಸೂಜಿ ಹೇಳುವುದು ಹೊರಮೈಯ ಸ್ಥಿತಿಯನ್ನು ಮಾತ್ರ. ಹೊರಗೆ ಒಣಗಿದ್ದರೂ ದಪ್ಪ ದಿಮ್ಮಿಯ ಚೇಗು ಹಸಿಯಾಗಿಯೇ ಇರಬಹುದು. ಉದ್ದ ಸೂಜಿಯ ಮೀಟರ್ ಸಿಕ್ಕರೆ ಅದನ್ನೇ ಬಳಸಿ. ಮರದ ಜಾತಿ, ಆ ದಿನದ ಉಷ್ಣಾಂಶ ಎರಡನ್ನೂ ಬರೆಯಿರಿ, ಏಕೆಂದರೆ ಎರಡಕ್ಕೂ ಮೀಟರಿನ ಅಂಕಿ ಬದಲಾಗುತ್ತದೆ. ಪ್ರತಿ ಸಲ ಅದೇ ದಿಮ್ಮಿಯ ಅದೇ ಜಾಗದಲ್ಲಿ ಅಳೆಯಿರಿ.

ಫೋಟೋದಲ್ಲಿ ದಿಮ್ಮಿಗಳು ಬಿರುಕು ಬಿಟ್ಟಿವೆ. ಮನೆ ಹಾಳಾಗುತ್ತಿದೆಯಾ?

ಊರಿನಿಂದ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಹಾಳಾಗುತ್ತಿಲ್ಲ. ದಿಮ್ಮಿಯ ಹೊರಮೈ ಒಳಗಿಗಿಂತ ಬೇಗ ಒಣಗುತ್ತದೆ. ಸುತ್ತಳತೆಯಲ್ಲಿ ಮರ ಕುಗ್ಗುವುದು ತಿರುಳಿನ ಕಡೆಗೆ ಕುಗ್ಗುವುದಕ್ಕಿಂತ ಜಾಸ್ತಿ. ಆ ಎಳೆತಕ್ಕೆ ಬಿರುಕು ಬಿಡಲೇಬೇಕು. ಎಷ್ಟೋ ಬಿಲ್ಡರುಗಳು ದಿಮ್ಮಿಯ ಮೇಲ್ಮೈಯಲ್ಲಿ, ಮುಂದಿನ ದಿಮ್ಮಿ ಕೂತು ಮುಚ್ಚುವ ಕಡೆ, ಉದ್ದಕ್ಕೂ ಗರಗಸದ ಒಂದು ಗೀಟು ಹಾಕುತ್ತಾರೆ. ಬಿರುಕು ಕಣ್ಣಿಗೆ ಕಾಣುವ ಕಡೆ ಬರುವ ಬದಲು ಅಲ್ಲೇ ತೆರೆದುಕೊಳ್ಳಲಿ ಅಂತ.

ಹೊರಗೋಡೆಯಲ್ಲಿ ಬಾಯಿ ಮೇಲಕ್ಕೆ ತೆರೆದ ಬಿರುಕು ಮಾತ್ರ ಕಾಳಜಿಯ ವಿಷಯ. ಮಳೆ ನೀರು, ಕರಗಿದ ಹಿಮ ಅದರೊಳಗೆ ನಿಲ್ಲುತ್ತದೆ. ಕಾಲಿಂಚಿಗಿಂತ ಅಗಲವಾದದ್ದಕ್ಕೆ ಒಳಗೆ ಫೋಮ್ ಹುರಿ ತುಂಬಿ, ಮೇಲೆ ಹಿಗ್ಗಿ ಕುಗ್ಗುವ ಸೀಲೆಂಟ್ ಹಾಕುತ್ತಾರೆ. ಬಾಯಿ ಕೆಳಗೆ ತೆರೆದದ್ದನ್ನು ಹಾಗೇ ಬಿಡಬಹುದು. ಫೋಟೋ ತೆಗೆಯುವಾಗ ಬಿರುಕಿನ ಪಕ್ಕ ಒಂದು ಸ್ಕೇಲು ಹಿಡಿಯಿರಿ. ಇಲ್ಲದಿದ್ದರೆ ಕೂದಲಿನಷ್ಟು ಬಿರುಕೂ ಹತ್ತಿರದ ಫೋಟೋದಲ್ಲಿ ಕಣಿವೆಯಾಗಿ ಕಾಣುತ್ತದೆ, ಊರಿನಲ್ಲಿ ಅಮ್ಮನಿಗೆ ನಿದ್ದೆ ಬರುವುದಿಲ್ಲ.

ಯಾವ ಕ್ಯಾಮೆರಾ ಬೇಕು?

ನಿಮ್ಮ ಫೋನು ಸಾಕು. ದುಡ್ಡು ಹಾಕುವುದಾದರೆ ಒಳ್ಳೆಯ ಟೇಪು, ಪ್ರಕಾಶಮಾನವಾದ ಟಾರ್ಚು, ದಪ್ಪ ಮಾರ್ಕರ್ ಪೆನ್ನಿಗೆ ಹಾಕಿ. ನೆಲದಲ್ಲಿ ನಾಲ್ಕೈದು ಗೂಟ ನೆಟ್ಟು, ಪ್ರತಿ ಸಲ ಅದೇ ಗೂಟದ ಬಳಿ ನಿಂತು, ಅದೇ ದಿಕ್ಕಿಗೆ, ಜೂಮ್ ಮಾಡದೆ ತೆಗೆಯಿರಿ. ಹೋಲಿಸಿ ನೋಡಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಟೈಮ್‌ಲ್ಯಾಪ್ಸ್ ಮಾಡಬೇಕು ಅಂತ ಆಸೆ. ಹೇಗೆ?

ಆಸೆ ಒಳ್ಳೆಯದೇ. ಒಂದೇ ಜಾಗದಿಂದ ಬಿಟ್ಟು ಬಿಟ್ಟು ತೆಗೆದ ಫೋಟೋಗಳನ್ನು ವೇಗವಾಗಿ ಓಡಿಸಿದ ವಿಡಿಯೋ ಅದು. ಸಣ್ಣ ಲೆಕ್ಕ ಹಾಕೋಣ. ಹತ್ತು ನಿಮಿಷಕ್ಕೆ ಒಂದು ಫೋಟೋ, ದಿನಕ್ಕೆ 10 ಗಂಟೆ ಅಂದರೆ 60 ಫೋಟೋ. 180 ದಿನಕ್ಕೆ 10,800. ಸೆಕೆಂಡಿಗೆ 30ರಂತೆ ಓಡಿಸಿದರೆ 6 ನಿಮಿಷದ ವಿಡಿಯೋ. ನೋಡಲು ಅಷ್ಟು ಸಾಕು. ಕ್ರೇನ್ ಬರುವ ದಿನಗಳಲ್ಲಿ ಮಾತ್ರ ಅಂತರವನ್ನು ಒಂದು ನಿಮಿಷಕ್ಕೆ ಇಳಿಸಿ.

ಕ್ಯಾಮೆರಾವನ್ನು ಮನೆಗೆ ಕಟ್ಟಬೇಡಿ, ಲಾರಿ ಓಡಾಡುವ ದಾರಿಯಲ್ಲೂ ಬೇಡ. ಬೇರೆಯೇ ಕಂಬಕ್ಕೆ ಗಟ್ಟಿಯಾಗಿ ಬಿಗಿಯಿರಿ. ಮಸೂರ ಸೂರ್ಯನಿಗೆ ಬೆನ್ನು ಮಾಡಿ ಉತ್ತರದ ಕಡೆ ನೋಡುವಂತಿರಲಿ. ಚಳಿಯಲ್ಲಿ ಸಾಮಾನ್ಯ ಬ್ಯಾಟರಿ ಬೇಗ ಸೋಲುತ್ತದೆ, ರೀಚಾರ್ಜ್ ಮಾಡಲಾಗದ ಲಿಥಿಯಂ ಬ್ಯಾಟರಿ ತಡೆಯುತ್ತದೆ. ಟೈಮ್‌ಲ್ಯಾಪ್ಸ್ ನೋಡಲು ಎಷ್ಟು ಚೆಂದವಾದರೂ ದೂರದಿಂದ ತೆಗೆದದ್ದು. ತಂತಿಯ ತೂತು ಅದರಲ್ಲಿ ಕಾಣುವುದಿಲ್ಲ.

ಡ್ರೋನ್?

ಮಾಡಿನ ಕೆಲಸ ನೋಡಲು ಉಪಯೋಗ. ಅಮೆರಿಕದಲ್ಲಿ 250 ಗ್ರಾಂ ಅಥವಾ ಅದಕ್ಕಿಂತ ಭಾರದ್ದಾದರೆ ಹವ್ಯಾಸಕ್ಕೆ ಹಾರಿಸಿದರೂ ನೋಂದಣಿ ಬೇಕು. 400 ಅಡಿಗಿಂತ ಮೇಲೆ ಹಾರಿಸುವಂತಿಲ್ಲ. ಬಿಲ್ಡರ್ ತನ್ನ ವ್ಯಾಪಾರಕ್ಕಾಗಿ ಹಾರಿಸಿದರೆ ಅದಕ್ಕೆ ಬೇರೆಯೇ ಪರವಾನಗಿ ಇದೆ. ಕ್ರೇನ್ ಕೆಲಸ ಮಾಡುವಾಗ ಮಾತ್ರ ದಯವಿಟ್ಟು ಹಾರಿಸಬೇಡಿ. ಆಪರೇಟರ್ ಗಮನ ಒಂದು ಕ್ಷಣ ಆಚೆ ಹೋದರೂ ಕೆಳಗೆ ಜನ ಇದ್ದಾರೆ.

ಫೋಟೋ ಇದ್ದಮೇಲೆ ಡೈರಿ ಯಾಕೆ?

ಫೋಟೋ 'ಏನು' ಅಂತ ಹೇಳುತ್ತದೆ, 'ಯಾಕೆ' ಅಂತ ಹೇಳುವುದಿಲ್ಲ. ಕಿಟಕಿಯನ್ನು ಆರು ಇಂಚು ಪಕ್ಕಕ್ಕೆ ಸರಿಸಿದ್ದು ಯಾಕೆ, ಯಾರು ಹೇಳಿದರು, ಅದರಿಂದ ಎಷ್ಟು ಡಾಲರ್ ಹೆಚ್ಚಾಯಿತು ಎಂಬುದು ಬರಹದಲ್ಲಿ ಇರಬೇಕು. ದಿನಕ್ಕೆ ನಾಲ್ಕು ಸಾಲು ಸಾಕು. ಹವೆ, ಬಂದ ಕೆಲಸಗಾರರು, ನಡೆದ ಕೆಲಸ, ಆದ ತೀರ್ಮಾನ. ಬಾಯಿಮಾತಿನಲ್ಲಿ ಆದ ಬದಲಾವಣೆಯನ್ನು ಅದೇ ಸಂಜೆ ಬಿಲ್ಡರಿಗೆ ಇಮೇಲ್ ಮಾಡಿ. 'ಇವತ್ತು ಹೀಗೆ ಮಾತಾಯಿತು, ಸರಿ ಅಲ್ವಾ?' ಅಂತ ಕೇಳುವ ಎರಡು ಸಾಲು ಮುಂದಿನ ಎಷ್ಟೋ ಜಗಳ ತಪ್ಪಿಸುತ್ತದೆ. ಒಳ್ಳೆಯ ಬಿಲ್ಡರುಗಳು ಇದಕ್ಕೆ ಬೇಸರಪಡುವುದಿಲ್ಲ, ಅವರಿಗೂ ಇದು ರಕ್ಷಣೆ.

ಬ್ಯಾಂಕಿನವರಿಗೆ, ಇನ್ಸ್‌ಪೆಕ್ಟರಿಗೆ ಈ ದಾಖಲೆ ಆಗುತ್ತದಾ?

ಬ್ಯಾಂಕಿನ ವಿಷಯದಲ್ಲಿ ತುಂಬಾ ಆಗುತ್ತದೆ. ಇಲ್ಲಿ ಕಟ್ಟಡದ ಸಾಲವನ್ನು ಕಂತುಗಳಲ್ಲಿ ಬಿಡುತ್ತಾರೆ. ಪ್ರತಿ ಕಂತಿಗೂ ಬ್ಯಾಂಕಿನ ಕಡೆಯವರು ಬಂದು ಜಾಗದಲ್ಲಿ ಎಷ್ಟು ಕೆಲಸ ಆಗಿದೆ ನೋಡುತ್ತಾರೆ. ದಿಮ್ಮಿ ಮನೆಯಲ್ಲಿ ಸಿಕ್ಕು ಇರುವುದು ಇಲ್ಲೇ. ದಿಮ್ಮಿ ಬಿಲ್ಡರ್ ಅಂಗಳದಲ್ಲಿ ಮನೆ ಪೂರ್ತಿ ನಿಂತಿದೆ, ಅವನಿಗೆ ದೊಡ್ಡ ಮೊತ್ತ ಕೊಡಬೇಕು. ಆದರೆ ನಿಮ್ಮ ಜಾಗದಲ್ಲಿ ಬರೀ ಕಾಂಕ್ರೀಟ್ ಪಾಯ ಇದೆ. ಆಗ ಅಂಗಳದ ತಾರೀಕು ಇರುವ ಫೋಟೋ, ಚೀಟಿಗಳ ಪಟ್ಟಿ, ಬಿಲ್ಡರಿನ ರಸೀದಿ ಇವೇ ಮಾತಾಡುವುದು. ಇದನ್ನು ಸಾಲದ ಕರಾರಿಗೆ ಸಹಿ ಹಾಕುವ ಮೊದಲೇ ಬ್ಯಾಂಕಿನ ಜೊತೆ ಮಾತಾಡಿ ಬಗೆಹರಿಸಿಕೊಳ್ಳಿ. ಹಣ ಕೊಟ್ಟ ಪ್ರತಿ ಸಲವೂ ಕಂಟ್ರಾಕ್ಟರಿನಿಂದ, ಅವನ ಕೆಳಗಿನವರಿಂದ, ಇಷ್ಟಕ್ಕೆ ಮನೆಯ ಮೇಲೆ ನಮ್ಮ ಹಕ್ಕಿಲ್ಲ ಎಂಬ ಲೀನ್ ವೇವರ್ ಪತ್ರ ಪಡೆದು ಅದೇ ಕಡತಕ್ಕೆ ಸೇರಿಸಿ.

ಸರ್ಕಾರಿ ಇನ್ಸ್‌ಪೆಕ್ಟರ್ ಫೋಟೋ ನೋಡಿ ಒಪ್ಪಿಗೆ ಕೊಡುತ್ತಾರೆ ಅಂತ ನಂಬಿ ಕೂರಬೇಡಿ, ಅವರು ಕಣ್ಣಾರೆ ನೋಡಬೇಕು. ಆದರೆ ದಿಮ್ಮಿ ಮನೆ ಹೆಚ್ಚು ನೋಡಿರದವರು ಬಂದರೆ ನಿಮ್ಮ ಫೋಟೋಗಳು ಮಾತುಕತೆಗೆ ನೆರವಾಗುತ್ತವೆ. ದಿಮ್ಮಿ ಕಟ್ಟಡಗಳಿಗೆಂದೇ ಐಸಿಸಿ 400 ಎಂಬ ಮಾನದಂಡ ಇದೆ. ಅದರಲ್ಲಿ ಇಳಿತದ ವಿಷಯವೂ ಬರುತ್ತದೆ. ಬಿಲ್ಡರಿನ ನಕ್ಷೆಯಲ್ಲಿ ಅದರ ಉಲ್ಲೇಖ ಇದೆಯಾ ನೋಡಿ.

ಸದಾ ಫೋಟೋ ತೆಗೆಯುತ್ತಿದ್ದರೆ ಕೆಲಸದವರಿಗೆ ಕಿರಿಕಿರಿ ಆಗಲ್ವಾ?

ಕೇಳದೆ ತೆಗೆದರೆ ಆಗುತ್ತದೆ. ಮೊದಲ ದಿನವೇ ಎಲ್ಲರ ಬಳಿ ಹೋಗಿ, ಯಾಕೆ ತೆಗೆಯುತ್ತಿದ್ದೇನೆ ಅಂತ ಹೇಳಿ. ಮುಖ ಬರುವ ಫೋಟೋವನ್ನು ಅವರನ್ನು ಕೇಳದೆ ಎಲ್ಲೂ ಹಾಕಬೇಡಿ. ಒಳ್ಳೆಯ ಕಚ್ಚು ಕೊರೆದವರ ಕೆಲಸವನ್ನು ಚೆನ್ನಾಗಿ ತೆಗೆದು ಅವರಿಗೂ ಕಳಿಸಿ. ಕಾಗದದ ಸಂದಿಯೂ ಇಲ್ಲದ ಹಾಗೆ ಎರಡು ದಿಮ್ಮಿ ಕೂರಿಸುವುದು ದೊಡ್ಡ ವಿದ್ಯೆ. ಅದನ್ನು ಮಾಡಿದವರ ಹೆಸರು, ಅವರ ಒಪ್ಪಿಗೆ ಇದ್ದರೆ, ಮನೆಯ ಕಡತದಲ್ಲಿ ಇರಬೇಕು ಅಂತ ನನಗೆ ಅನಿಸುತ್ತದೆ.

ನಾವು ಸಿಯಾಟಲ್‌ನಲ್ಲಿದ್ದೇವೆ, ಮನೆ ಏಳುತ್ತಿರುವುದು ಐಡಹೋದಲ್ಲಿ. ವಾರವಾರ ಹೋಗಲು ಆಗದು.

ಹಾಗಾದರೆ ಕರಾರಿನಲ್ಲೇ ಬರೆಸಿ. ಯಾವ ಹಂತದಲ್ಲಿ, ಯಾವ ಜಾಗದ ಫೋಟೋ, ಯಾವ ದಿನದೊಳಗೆ ಬರಬೇಕು ಅಂತ ಪಟ್ಟಿ ಕೊಡಿ. ಸುಮ್ನೆ 'ಫೋಟೋ ಕಳಿಸ್ತಾ ಇರಿ' ಅಂದರೆ ಬರುವುದು ಸೂರ್ಯಾಸ್ತದ ಎದುರು ನಿಂತ ಗೋಡೆಯ ಚಿತ್ರ. ದಿಮ್ಮಿ ಜೋಡಿಸುವ ದಿನಗಳಲ್ಲಿ ಮಾತ್ರ ರಜೆ ಹಾಕಿ ಹೋಗಿ. ಇಡೀ ಕೆಲಸದಲ್ಲಿ ಒಮ್ಮೆ ಮಾತ್ರ ಹೋಗಲು ಸಾಧ್ಯ ಅಂದರೆ ಆ ಒಮ್ಮೆ ಅದೇ ಆಗಿರಲಿ.

ಇಷ್ಟೆಲ್ಲ ಫೋಟೋ ಹೇಗೆ ಜೋಡಿಸಿ ಇಡುವುದು?

ಹೆಸರಿನ ಮೊದಲು ತಾರೀಕು, ವರ್ಷ-ತಿಂಗಳು-ದಿನ ಈ ಕ್ರಮದಲ್ಲಿ. ಆಮೇಲೆ ಗೋಡೆಯ ಅಕ್ಷರ, ವರಸೆಯ ಸಂಖ್ಯೆ, ಒಂದು ಪದದಲ್ಲಿ ವಿಷಯ. ಹೀಗಿಟ್ಟರೆ ಕಂಪ್ಯೂಟರ್ ತಾನೇ ಸಾಲಾಗಿ ಜೋಡಿಸುತ್ತದೆ. ಇದನ್ನು ಅದೇ ವಾರ ಮಾಡಿ. ಮೂರು ಪ್ರತಿ, ಎರಡು ಬೇರೆ ಮಾಧ್ಯಮ, ಒಂದು ಪ್ರತಿ ಬೇರೆ ಊರಿನಲ್ಲಿ ಎಂಬ ಹಳೆ ನಿಯಮ ಪಾಲಿಸಿ. ಕಾಡಿನ ಅಂಚಿನ ಮನೆಗಳಿಗೆ ಕಾಳ್ಗಿಚ್ಚಿನ ಅಪಾಯ ಇದೆ. ವಿಮೆ ಕೇಳುವಾಗ ಬೇಕಾಗುವ ದಾಖಲೆ ಆ ಮನೆಯೊಳಗೇ ಇದ್ದರೆ ಏನು ಪ್ರಯೋಜನ?

ಎಲ್ಲರಿಗೂ ಕಾಣುವ ಕಡೆ ಹಾಕುವ ಫೋಟೋದಿಂದ ಜಾಗದ ಮಾಹಿತಿ ತೆಗೆದುಬಿಡಿ. ಬಾಗಿಲಿಲ್ಲದ ಮನೆಯಲ್ಲಿ ಬೆಲೆಬಾಳುವ ಉಪಕರಣ ಇವೆ ಅಂತ ಊರಿಗೆಲ್ಲ ಸಾರುವುದು ಬೇಡ.

ಊರಿನಲ್ಲಿರುವ ಅಪ್ಪ ಅಮ್ಮನಿಗೆ ಹೇಗೆ ತೋರಿಸುವುದು?

ಮೊಂಟಾನಾಗೂ ಕರ್ನಾಟಕಕ್ಕೂ ಬೇಸಿಗೆಯಲ್ಲಿ ಹನ್ನೊಂದೂವರೆ ಗಂಟೆ, ಚಳಿಗಾಲದಲ್ಲಿ ಹನ್ನೆರಡೂವರೆ ಗಂಟೆ ವ್ಯತ್ಯಾಸ. ಇಲ್ಲಿ ಬೆಳಿಗ್ಗೆ ಕೆಲಸ ಶುರುವಾಗುವ ಹೊತ್ತಿಗೆ ಅಲ್ಲಿ ರಾತ್ರಿ ಊಟದ ಸಮಯ. ವಿಡಿಯೋ ಕಾಲ್‌ಗೆ ಇದು ಅನುಕೂಲವೇ. ವಾಟ್ಸಾಪಿನಲ್ಲಿ ಫೋಟೋ ಕಳಿಸಿದರೆ ಗುಣಮಟ್ಟ ಇಳಿಯುತ್ತದೆ. ಹಾಗಾಗಿ ಅದನ್ನೇ ನಿಮ್ಮ ಉಗ್ರಾಣ ಮಾಡಿಕೊಳ್ಳಬೇಡಿ. ಮೂಲ ಫೋಟೋ ಬೇರೆ ಕಡೆ ಇರಲಿ. ಪೂರ್ತಿ ಗುಣಮಟ್ಟದಲ್ಲಿ ಕಳಿಸಬೇಕಾದರೆ ಡಾಕ್ಯುಮೆಂಟ್ ಆಗಿ ಕಳಿಸಿ.

ಫೋಟೋದಲ್ಲಿ ಒಬ್ಬ ಮನುಷ್ಯ ನಿಂತಿರಲಿ. ದಿಮ್ಮಿ ಎಷ್ಟು ದಪ್ಪ ಎಂಬುದು ಆಗಲೇ ಅವರಿಗೆ ಗೊತ್ತಾಗುವುದು. ಮಲೆನಾಡಿನ ಹಿರಿಯರಾದರೆ ಅವರು ಕೇಳುವ ಪ್ರಶ್ನೆಗಳನ್ನು ಬರೆದುಕೊಳ್ಳಿ. ಸೂರು ಎಷ್ಟು ಮುಂದೆ ಬಂದಿದೆ, ಮಳೆ ಎರಚಲು ಗೋಡೆಗೆ ಹೊಡೆಯುತ್ತದಾ ಅಂತ ನಮ್ಮ ಮಾವನವರು ಮೊದಲ ಫೋಟೋ ನೋಡಿದ ಕೂಡಲೇ ಕೇಳಿದರು. ದಿಮ್ಮಿ ಮನೆಗೆ ಅಗಲವಾದ ಸೂರೇ ಮೊದಲ ರಕ್ಷಣೆ. ಮರ ಗೊತ್ತಿರುವವರಿಗೆ ದೇಶ ಬೇರೆಯಾದರೂ ನೋಟ ತಪ್ಪುವುದಿಲ್ಲ.

ಇಂಥದ್ದೇ ಮನೆಯನ್ನು ಸಕಲೇಶಪುರದ ಕಡೆ ಕಟ್ಟಬಹುದಾ?

ನಾನು ಸಲಹೆ ಕೊಡುವುದಿಲ್ಲ. ಗೆದ್ದಲು, ತಿಂಗಳುಗಟ್ಟಲೆ ಬಿಡದ ಮಳೆ, ಒಣಗಲು ಬಿಡದ ಗಾಳಿ ಇವು ಮೂರೂ ಪೈನ್ ದಿಮ್ಮಿಗೆ ಶತ್ರುಗಳು. ಕಂಬ, ತೊಲೆ, ಹೆಂಚಿನ ಮಾಡು, ಮಣ್ಣಿನ ಅಥವಾ ಜಂಬಿಟ್ಟಿಗೆಯ ಗೋಡೆಯ ನಮ್ಮ ಪದ್ಧತಿ ಆ ಹವೆಗೆ ತಕ್ಕದ್ದು. ಸ್ವಂತ ಜಮೀನಿನ ಮರ ಕಡಿಯಲೂ 1976ರ ಮರ ಸಂರಕ್ಷಣೆ ಕಾನೂನಿನಂತೆ ಅನುಮತಿಯ ಪ್ರಶ್ನೆ ಬರುತ್ತದೆ. ದಾಖಲೆ ಇಡುವ ಕ್ರಮವನ್ನು ಮಾತ್ರ ಧಾರಾಳವಾಗಿ ಬಳಸಬಹುದು. ಹಳೆ ತೊಟ್ಟಿಮನೆ ಬಿಚ್ಚುವ ಯೋಚನೆ ಇದ್ದರೆ ಮೊದಲ ಹೆಂಚು ತೆಗೆಯುವ ಮುಂಚೆ ಪ್ರತಿ ಕಂಬ, ತೊಲೆ, ಬೋದಿಗೆಗೆ ಸಂಖ್ಯೆ ಹಾಕಿ ಫೋಟೋ ತೆಗೆಯಿರಿ.

ಮನೆ ಮುಗಿದ ಮೇಲೂ ಬರೆಯುತ್ತಾ ಇರಬೇಕಾ?

ಇಳಿತ ನಿಲ್ಲುವವರೆಗೆ ಅಂತೂ ಬೇಕು. ಹಸಿ ಮರವಾದರೆ ಮೂರರಿಂದ ಐದು ವರ್ಷ ಹಿಡಿಯಬಹುದು. ಜಾಕ್ ತಿರುಗಿಸಿದ ಪ್ರತಿ ಸಲ ತಾರೀಕು, ಯಾವ ಕಂಬ, ಎಷ್ಟು ಇಳಿಸಿದಿರಿ ಬರೆಯಿರಿ. ಹೊರಗೆ ಬಣ್ಣ ಹಚ್ಚಿದಾಗ ಕಂಪನಿ, ಬಣ್ಣದ ಸಂಖ್ಯೆ, ಎಷ್ಟು ಸಲ ಬಳಿದರು ಎಂಬುದನ್ನು ಬರೆಯಿರಿ. ಚಳಿಗಾಲದಲ್ಲಿ ಒಮ್ಮೆ ಬ್ಲೋವರ್ ಡೋರ್ ಪರೀಕ್ಷೆ (ಬಾಗಿಲಿಗೆ ಫ್ಯಾನ್ ಕೂರಿಸಿ ಗಾಳಿ ಸೋರುವುದನ್ನು ನೋಡುವುದು) ಮಾಡಿಸಿ, ಥರ್ಮಲ್ ಕ್ಯಾಮೆರಾದಲ್ಲಿ ಒಳಗಿನಿಂದ ಮೂಲೆಗಳನ್ನು ತೆಗೆಸಿ. ಗಾಳಿ ನುಗ್ಗುವ ಕಡೆ ನೀಲಿ ಗೆರೆಯಾಗಿ ಕಾಣುತ್ತದೆ. ಅದೇ ಜಾಗದ ಕಟ್ಟಡ ಕಾಲದ ಫೋಟೋ ಪಕ್ಕದಲ್ಲಿಟ್ಟು ನೋಡಿದರೆ ಕಾರಣ ಬೇಗ ಸಿಗುತ್ತದೆ.

ಅತಿ ಮುಖ್ಯವಾದ ಹಾಳೆಗಳನ್ನು ಕಾಗದದ ಮೇಲೂ ಅಚ್ಚು ಹಾಕಿಸಿ. ತಂತಿಯ ದಾರಿ, ಜಾಕ್‌ಗಳ ಜಾಗ, ಕಡ್ಡಿಗಳ ನಟ್ಟು, ನೀರು ಬಂದ್ ಮಾಡುವ ವಾಲ್ವ್, ಇಳಿತದ ಕೋಷ್ಟಕ. ವಿದ್ಯುತ್ ಪ್ಯಾನೆಲ್ ಇರುವ ಕೋಣೆಯಲ್ಲಿ ಒಂದು ಫೈಲಿನಲ್ಲಿಡಿ. ಜಾಕ್ ತಿರುಗಿಸುವ ಸ್ಪ್ಯಾನರ್ ಸಹ ಅದರ ಜೊತೆಗೇ ಇರಲಿ. ಮನೆ ಮಾರಿದರೆ ಎರಡನ್ನೂ ಕೊಳ್ಳುವವರ ಕೈಗೆ ಕೊಟ್ಟು, ಪಟ್ಟಿಯ ಮೇಲಿನ ಪೆನ್ಸಿಲ್ ಗೆರೆಗಳನ್ನು ಓದುವುದು ಹೇಗೆ ಅಂತ ನಿಂತು ತೋರಿಸಿ.